ಮಸ್ತ್: ಅಮಲಿನಿಂದ ಮೆಚ್ಚುಗೆಯವರೆಗೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ದೀಪ ಹತ್ತುವ ಹೊತ್ತು. ಗಾಡಿಯವನು ಚುರಮುರಿಗೆ ಹುಣಸೆಹುಳಿಯ ಒಗ್ಗರಣೆ ಕಲಸಿ, ಪುಟಾಣಿ ಹಿಟ್ಟು ಹಾಕಿ, ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ ಗಿರ್ಮಿಟ್ ಕೊಡುತ್ತಾನೆ. ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಭಜಿ. ಮೊದಲ ತುತ್ತು ಬಾಯಿಗೆ ಬಿದ್ದ ಕೂಡಲೇ ಗಿರಾಕಿ ತಲೆದೂಗುತ್ತಾನೆ: "ಮಸ್ತ್ ಐತಿ ಬಿಡ್ರೀ!"

ಅದೇ ಸಂಜೆ ಮಂಗಳೂರಿನ ಹಂಪನಕಟ್ಟೆ. ಕಾಲಿಡಲು ಜಾಗವಿಲ್ಲದ ಸಿಟಿ ಬಸ್ಸನ್ನು ನೋಡಿ ಒಬ್ಬಾಕೆ ಜೊತೆಯವಳಿಗೆ ತುಳುವಿನಲ್ಲಿ ಹೇಳುತ್ತಾಳೆ: "ಮಸ್ತ್ ಜನ ಉಲ್ಲೆರ್." ಆಕೆ ಯಾರನ್ನೂ ಹೊಗಳುತ್ತಿಲ್ಲ. ತುಂಬಾ ಜನ ಇದ್ದಾರೆ, ಮುಂದಿನ ಬಸ್ಸಿಗೆ ಹೋಗೋಣ ಎನ್ನುತ್ತಿದ್ದಾಳೆ, ಅಷ್ಟೆ.

ನಾಗರಹೊಳೆಯ ಅಂಚಿನ ಮತ್ತಿಗೋಡು ಆನೆ ಶಿಬಿರದಲ್ಲಿ ಒಂದು ಗಂಡಾನೆಯನ್ನು ಉಳಿದವುಗಳಿಂದ ದೂರ ಕಟ್ಟಿದ್ದಾರೆ. ಅದರ ಕಣ್ಣಿಗೂ ಕಿವಿಗೂ ನಡುವೆ ಕಪ್ಪಗೆ ಒಸರಿದ ಗೆರೆ. ನೋಡಲು ಬಂದವರನ್ನು ಮಾವುತ ಅಲ್ಲೇ ತಡೆಯುತ್ತಾನೆ: "ಮಸ್ತಿ ಬಂದಿದೆ, ಹತ್ತಿರ ಹೋಗಬೇಡಿ."

ಒಂದು ಕಡೆ ರುಚಿ, ಇನ್ನೊಂದು ಕಡೆ ಲೆಕ್ಕ, ಮತ್ತೊಂದು ಕಡೆ ಎಚ್ಚರಿಕೆ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಈ ಮಾತನ್ನು ನಾವು ಬೀದಿಮಾತು, ಹುಡುಗರ ಮಾತು, ಸಿನಿಮಾ ಮಾತು ಎಂದು ಪಕ್ಕಕ್ಕಿಡುತ್ತೇವೆ. ಅದರ ವಂಶಾವಳಿ ಹುಡುಕುತ್ತ ಹೋದರೆ ಇರಾನಿನ ಪಾನಗೋಷ್ಠಿ, ಋಗ್ವೇದದ ಸೋಮರಸ, ಕಲಬುರಗಿಯ ಸುಲ್ತಾನರು, ಕೀನ್ಯಾದ ಕಾಡು ಎಲ್ಲವೂ ಎದುರಾಗುತ್ತವೆ.

ಕುಡಿದವನಿಗೆ ಇಟ್ಟ ಹೆಸರು

ಮಸ್ತ್ ಪಾರಸಿ ಪದ. ಮೂಲ ಅರ್ಥ ಒಂದೇ: ಕುಡಿದವನು, ಅಮಲೇರಿದವನು. ಮಸ್ತಿ ಎಂದರೆ ಆ ಅಮಲಿನ ಸ್ಥಿತಿ. ಇಂದಿಗೂ ಇರಾನಿನಲ್ಲಿ ಅರ್ಥ ಅದೇ. ಕುಡಿದು ವಾಹನ ಓಡಿಸುವ ಅಪರಾಧದ ಬಗ್ಗೆ ಅಲ್ಲಿ ಬರೆಯುವಾಗ ಬಳಸುವುದು ಇದೇ 'ಮಸ್ತಿ'ಯನ್ನು. ನಮ್ಮ ದೋಸೆ ಮಸ್ತಾಗಿದೆ ಎಂದು ತೆಹರಾನಿನವರಿಗೆ ಹೇಳಿದರೆ ದೋಸೆ ಕುಡಿದಿದೆ ಎಂದೇ ಅವರಿಗೆ ಕೇಳಿಸುತ್ತದೆ.

ಇರಾನಿ ಊಟದ ಪಟ್ಟಿಯಲ್ಲಿ 'ಮಾಸ್ತ್' ಎಂಬ ಇನ್ನೊಂದು ಮಾತು ಕಾಣುತ್ತದೆ. ಸೌತೆಕಾಯಿ ಬೆರೆಸಿದ ಮೊಸರಿಗೆ ಅವರು ಮಾಸ್ತ್-ಓ-ಖಿಯಾರ್ ಎನ್ನುತ್ತಾರೆ. ಅದು ದೀರ್ಘ ಸ್ವರದ ಬೇರೆಯೇ ಪದ, ಮೊಸರು ಎಂದು ಅರ್ಥ. ನಮ್ಮ ಮಸ್ತಿಗೂ ಅದಕ್ಕೂ ನಂಟಿಲ್ಲ.

ಕನ್ನಡದಲ್ಲಿ ಕುಡುಕನನ್ನು ಯಾರೂ ಮಸ್ತ್ ಎನ್ನುವುದಿಲ್ಲ. ಆ ಕೆಲಸಕ್ಕೆ ನಾವು ಅರಬ್ಬಿ ಮೂಲದ ಇನ್ನೊಂದು ಪದವನ್ನು ಇಟ್ಟುಕೊಂಡಿದ್ದೇವೆ: ಅಮಲು. ಅರಬ್ಬಿಯಲ್ಲಿ 'ಅಮಲ್' ಎಂದರೆ ಕೆಲಸ, ಕಾರ್ಯ. ಸರ್ಕಾರದ ಕೆಲಸ ನಡೆಸುವವನು ಅಮಲ್ದಾರ. ಹೊಟ್ಟೆಗೆ ಹೋದ ಮದ್ದು ತನ್ನ ಕೆಲಸ ತೋರಿಸಿದರೆ ಅದು ಅಮಲು. ಹಳೆಯ ಮೈಸೂರಿನ ಅಮಲ್ದಾರರ ಕಚೇರಿಯೂ ಹೆಂಡದ ಅಮಲೂ ಒಂದೇ ಬೇರಿನವು ಎಂಬುದನ್ನು ಎಷ್ಟು ಸಲ ನೆನೆದರೂ ನನ್ನ ಸೋಜಿಗ ಕಡಿಮೆಯಾಗಿಲ್ಲ.

ಮಸ್ತ್ ಮತ್ತು ಮತ್ತ

ಪಾರಸಿಯಿಂದ ಬಂದದ್ದು ಎಂದ ಕೂಡಲೇ ಮಸ್ತ್ ಹೊರಗಿನದು ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಸಂಸ್ಕೃತದಲ್ಲಿ 'ಮದ್' ಎಂಬ ಧಾತು ಇದೆ. ಹಿಗ್ಗು, ಅಮಲೇರು ಎಂದು ಅದರ ಅರ್ಥ. ಮದ, ಮದಿರೆ, ಮಾದಕ, ಉನ್ಮಾದ, ಪ್ರಮಾದ ಎಲ್ಲವೂ ಅದರ ಮಕ್ಕಳು. ಆ ಧಾತುವಿಗೆ 'ತ' ಪ್ರತ್ಯಯ ಸೇರಿದರೆ 'ಮತ್ತ'. ಮದೋನ್ಮತ್ತ ಎನ್ನುವಾಗ, ಮತ್ತೇರಿದೆ ಎನ್ನುವಾಗ ನಾವು ಬಳಸುವುದು ಅದನ್ನೇ.

ಸಂಸ್ಕೃತವೂ ಪಾರಸಿಯ ಪೂರ್ವಜ ಭಾಷೆಗಳೂ ಒಂದೇ ತಾಯಿಯಿಂದ ಕವಲೊಡೆದವು. ಕವಲೊಡೆದ ಮೇಲೆ ಉಚ್ಚಾರ ಬೇರೆಬೇರೆ ದಾರಿ ಹಿಡಿಯಿತು. ಇಂಥ ಎರಡು ದಂತ್ಯ ವ್ಯಂಜನಗಳು ಒಂದಕ್ಕೊಂದು ತಾಗಿದಾಗ ಸಂಸ್ಕೃತ ಅವನ್ನು ಒತ್ತಕ್ಷರವಾಗಿ ಉಳಿಸಿಕೊಂಡಿತು, ಇರಾನಿನ ಕಡೆಯ ಭಾಷೆಗಳು ಅದನ್ನು 'ಸ್ತ' ಮಾಡಿದವು. ಹೀಗಾಗಿ ಇಲ್ಲಿ ಮತ್ತ, ಅಲ್ಲಿ ಮಸ್ತ್.

ಇದು ಕಾಕತಾಳೀಯವಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಪತ್ರಿಕೆಗಳಲ್ಲಿ ದಿನವೂ ಸಿಗುತ್ತದೆ. ಗಣೇಶನ ಮೆರವಣಿಗೆಗೆ ಪೊಲೀಸ್ ಬಂದೋಬಸ್ತ್ ಎಂದು ಓದುತ್ತೇವಲ್ಲ, ಆ 'ಬಸ್ತ್' ಎಂದರೆ ಕಟ್ಟಿದ್ದು. ಸಂಸ್ಕೃತದ 'ಬದ್ಧ'ದ ಅರ್ಥವೂ ಕಟ್ಟಿದ್ದು ಎಂದೇ. ಎರಡೂ 'ಬಂಧ್' ಎಂಬ ಒಂದೇ ಬೇರಿನಿಂದ ಬಂದವು. ಮತ್ತಕ್ಕೆ ಮಸ್ತ್ ಹೇಗೋ ಬದ್ಧಕ್ಕೆ ಬಸ್ತ್ ಹಾಗೆ.

ಮತ್ತ ಸಂಸ್ಕೃತದ ದಾರಿಯಿಂದ ಕನ್ನಡಕ್ಕೆ ಬಂದು ಕಾವ್ಯ ಸೇರಿತು. ಮಸ್ತ್ ಇರಾನಿನ ದಾರಿಯಿಂದ ಬಂದು ಗಿರ್ಮಿಟ್ ಗಾಡಿ ಸೇರಿತು. ಒಡಹುಟ್ಟಿದ ಇಬ್ಬರಲ್ಲಿ ಒಬ್ಬ ಪಂಡಿತನೆನಿಸಿಕೊಂಡ, ಇನ್ನೊಬ್ಬ ಬೀದಿಯವನೆನಿಸಿಕೊಂಡ.

ಈ ಮನೆತನದಲ್ಲಿ ಮಾನ ಏರಿ ಇಳಿಯುವುದು ಹೊಸದೂ ಅಲ್ಲ. ಋಗ್ವೇದದಲ್ಲಿ 'ಮದ' ಎಂದರೆ ಸೋಮ ಕುಡಿದ ಇಂದ್ರನ ಹುರುಪು, ಹಿಗ್ಗು. ಒಂಬತ್ತನೆಯ ಮಂಡಲದ 114 ಸೂಕ್ತಗಳೂ ಆ ಸೋಮಕ್ಕೇ ಮೀಸಲು. ಅಲ್ಲಿ ಮದ ಬೇಡಿ ಪಡೆಯುವ ವರ. ಕಾಲ ಸರಿದು ಅದೇ ಮದ ಕಾಮ, ಕ್ರೋಧ, ಲೋಭ, ಮೋಹಗಳ ಸಾಲಿಗೆ ಸೇರಿ ಅರಿಷಡ್ವರ್ಗದಲ್ಲಿ ಐದನೆಯ ವೈರಿಯಾಯಿತು. ಮಸ್ತ್ ಕಂಡದ್ದು ಇದಕ್ಕೆ ತಿರುಗುಮುರುಗಾದ ಬಾಳು: ಹೀನಾರ್ಥದಲ್ಲಿ ಹುಟ್ಟಿ ಹೊಗಳಿಕೆಗೆ ಏರಿತು.

ಆನೆಯ ಕಪೋಲದಲ್ಲಿ

ಬೆಳೆದ ಗಂಡಾನೆಗೆ ಆಗಾಗ ಬರುವ ಒಂದು ಸ್ಥಿತಿ ಇದೆ. ಕಣ್ಣು ಕಿವಿಗಳ ನಡುವಿನ ಗ್ರಂಥಿ ಊದಿಕೊಂಡು ಅದರಿಂದ ಗಾಢ ವಾಸನೆಯ ದ್ರವ ಒಸರುತ್ತದೆ, ಮೂತ್ರ ತೊಟ್ಟಿಕ್ಕುತ್ತಿರುತ್ತದೆ, ರಕ್ತದಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಹಲವು ಪಟ್ಟು ಏರುತ್ತದೆ. ಹಸಿವಿನ ಮೇಲೆ ಗಮನ ತಗ್ಗಿ ಸಿಟ್ಟು ಹೆಚ್ಚುತ್ತದೆ. ಕೆಲವು ವಾರಗಳಿಂದ ಕೆಲವು ತಿಂಗಳವರೆಗೂ ಇದು ಇರಬಹುದು. ವರ್ಷಗಟ್ಟಲೆ ಜೊತೆಗಿದ್ದ ಮಾವುತನ ಮಾತನ್ನೂ ಆ ದಿನಗಳಲ್ಲಿ ಆನೆ ಕೇಳುವ ಭರವಸೆ ಇಲ್ಲ. ಮೈಸೂರು ದಸರೆಗೆ ಆನೆಗಳನ್ನು ಆರಿಸುವಾಗ ಈ ಸ್ಥಿತಿಯಲ್ಲಿರುವ ಗಂಡಾನೆಯನ್ನು ಕೈಬಿಡುವುದು ಅದಕ್ಕೇ.

ಕಾವ್ಯಗಳಲ್ಲಿ ಇದಕ್ಕೆ ಮದ ಎಂದು ಹೆಸರು, ಒಸರುವ ದ್ರವ ಮದಜಲ. ಮಾವುತರ ಬಾಯಲ್ಲಿ ಪಾರಸಿಯ ಮಸ್ತಿ. ಬ್ರಿಟಿಷರು ಅವರಿಂದಲೇ ಆ ಮಾತನ್ನು ಕಲಿತು ತಮ್ಮ ಭಾಷೆಗೆ ಸೇರಿಸಿಕೊಂಡರು. ಭಾರತದಲ್ಲಿ ಬ್ರಿಟಿಷರ ಬಾಯಿಗೆ ಹತ್ತಿದ ಪದಗಳನ್ನು ಕಲೆಹಾಕಿ 1886ರಲ್ಲಿ ಹೊರಬಂದ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಅದು ಪಾರಸಿಯ ಕುಡಿದವನು ಎಂಬ ಅರ್ಥದೊಂದಿಗೇ ನಮೂದಾಗಿದೆ.

ಮುಂದೆ ವನ್ಯಜೀವಿ ವಿಜ್ಞಾನ ಆ ಪದವನ್ನೇ ಪಾರಿಭಾಷಿಕವಾಗಿ ಸ್ವೀಕರಿಸಿತು. ಆಫ್ರಿಕಾದ ಆನೆಗಳಿಗೆ ಮಸ್ತಿ ಬರುವುದಿಲ್ಲ ಎಂದೇ ಬಹುಕಾಲ ನಂಬಿದ್ದರು. ಕೀನ್ಯಾದ ಅಂಬೋಸೆಲಿಯಲ್ಲಿ ಆನೆಗಳ ಬೆನ್ನು ಹಿಡಿದಿದ್ದ ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ 1981ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವಕ್ಕೂ ಬರುತ್ತದೆ ಎಂದು ತೋರಿಸಿದರು. ಅವರ ಪ್ರಬಂಧದ ತಲೆಬರಹದಲ್ಲೇ ನಮ್ಮ ಮಾವುತರ ಪದವಿದೆ. ಆನೆ ಲದ್ದಿ ಎತ್ತುವವರ ಮಾತು ಜಗತ್ತಿನ ವಿಜ್ಞಾನಕ್ಕೆ ಪರಿಭಾಷೆಯಾಯಿತು. ಬೀದಿಮಾತನ್ನು ಹಗುರವಾಗಿ ಕಾಣುವವರು ಈ ಒಂದು ಸಂಗತಿಯನ್ನಾದರೂ ನೆನಪಿಡಬೇಕು.

ಸೊಕ್ಕಿನದೂ ಅದೇ ದಾರಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಗಲಾಟೆ ಎಬ್ಬಿಸಿದ ಮಕ್ಕಳಿಗೆ "ಮಸ್ತಿ ಮಾಡಬ್ಯಾಡ್ರಿ" ಎಂಬ ಗದರಿಕೆ ಬೀಳುತ್ತದೆ. ಅಲ್ಲಿ ಮಸ್ತಿ ಎಂದರೆ ತುಂಟತನ. ಬೆಳೆದ ಮಗ ಎದುರುತ್ತರ ಕೊಟ್ಟರೆ ಮಾತಿನ ಬಿಸಿ ಏರುತ್ತದೆ: "ಮಸ್ತಿ ಬಂದೈತೇನ ನಿನಗ?" ಇಲ್ಲಿ ಅದು ದರ್ಪ, ಮೈಯಲ್ಲಿ ಏರಿದ ಕೊಬ್ಬು. ಹೊಗಳುವ ಮಸ್ತ್ ಮತ್ತು ಬಯ್ಯುವ ಮಸ್ತಿ ಒಂದೇ ಅಡುಗೆಮನೆಯಲ್ಲಿ, ಒಂದೇ ತಾಯಿಯ ಬಾಯಲ್ಲಿ ಇರುತ್ತವೆ. ಯಾವುದು ಯಾವುದೆಂದು ಮಕ್ಕಳಿಗೆ ಗೊಂದಲವೇ ಆಗುವುದಿಲ್ಲ.

ಈ ಬೈಗುಳಕ್ಕೆ ಅಚ್ಚಕನ್ನಡದಲ್ಲಿ ಏನೆನ್ನುತ್ತೇವೆ? ಸೊಕ್ಕು. ಹಳಗನ್ನಡದಲ್ಲಿ ಅದು ಸೊರ್ಕು. ಅಮಲು ಎಂಬುದೂ ಅದರ ಅರ್ಥ, ಆನೆಯ ಮದ ಎಂಬುದೂ ಅದರ ಅರ್ಥ. ಮದವೇರಿದ ಆನೆ ಸೊಕ್ಕಾನೆ. ಅಲ್ಲಿಂದ ಮುಂದೆ ಅಹಂಕಾರ.

ಮದ ಸಂಸ್ಕೃತದ್ದು, ಮಸ್ತಿ ಪಾರಸಿಯದು, ಸೊಕ್ಕು ಕನ್ನಡದ್ದು. ಈ ಮೂರೂ ಅಮಲಿನಿಂದ ಹೊರಟು ಆನೆಯನ್ನು ಹಾದು ಮನುಷ್ಯನ ದರ್ಪಕ್ಕೆ ಬಂದು ನಿಂತಿವೆ. ಸೊಕ್ಕಿಗೂ ಉಳಿದೆರಡಕ್ಕೂ ರಕ್ತಸಂಬಂಧವಿಲ್ಲ, ಅದು ದ್ರಾವಿಡ ಪದ. ಕುಡಿದವನನ್ನೂ ಮದಬಂದ ಆನೆಯನ್ನೂ ದುಡ್ಡಿನ ಮೇಲೆ ಮೆರೆಯುವವನನ್ನೂ ಒಟ್ಟಿಗೆ ಕಂಡ ಜನ, ಯಾವ ಭಾಷೆಯವರಾದರೂ, ಅದೇ ಹೋಲಿಕೆಗೆ ಬಂದಿದ್ದಾರೆ. ಮಸ್ತ್ ಕನ್ನಡದಲ್ಲಿ ಇಷ್ಟು ಸಲೀಸಾಗಿ ಬೇರೂರಿದ್ದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ. ಅದು ಬರುವ ಮೊದಲೇ ಅದರ ಅರ್ಥಕ್ಕೆ ಬೇಕಾದ ದಾರಿ ಇಲ್ಲಿ ಸವೆದಿತ್ತು.

ಆದರೆ ಮದಕ್ಕಾಗಲಿ ಸೊಕ್ಕಿಗಾಗಲಿ ಇಂದಿನ ಕನ್ನಡದಲ್ಲಿ ಹೊಗಳಿಕೆಯ ಅರ್ಥ ಇಲ್ಲ. ಊಟ ಸೊಕ್ಕಾಗಿದೆ ಎಂದು ಯಾರೂ ಹೇಳುವುದಿಲ್ಲ. ಆ ಕೊನೆಯ ಹೆಜ್ಜೆ ಇಟ್ಟದ್ದು ಮಸ್ತ್ ಒಂದೇ.

ಹಾಫಿಜ್ ಹತ್ತಿ ಇಳಿದ ಹಡಗು

ಪಾರಸಿ ಪದಗಳು ಕನ್ನಡಕ್ಕೆ ಬಂದದ್ದು ಹಿಂದಿ ಸಿನಿಮಾದ ಹಿಂದೆ ಅಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಅದರ ರಾಜಧಾನಿ ಕಲಬುರಗಿ. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಅಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಬಹಮನಿಗಳ ನಂತರ ವಿಜಯಪುರದ ಆದಿಲ್‌ಶಾಹಿಗಳು 1686ರವರೆಗೆ ಆಳಿದರು. ಈ ಮೂರೂ ಆಸ್ಥಾನಗಳಲ್ಲಿ ಪಾರಸಿ ದೊಡ್ಡ ಭಾಷೆ, ಸುತ್ತಲಿನ ಊರುಗಳಲ್ಲಿ ಕನ್ನಡ.

ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಇತಿಹಾಸ ಬರೆದ ಫರಿಷ್ತಾ ಒಂದು ಸಂಗತಿ ಹೇಳುತ್ತಾನೆ. ಶಿರಾಜಿನ ಮಹಾಕವಿ ಹಾಫಿಜ್‌ನನ್ನು ಬಹಮನಿ ಸುಲ್ತಾನ ಮಹಮ್ಮದ್ ಶಹಾ ಆಸ್ಥಾನಕ್ಕೆ ಕರೆಸಿಕೊಳ್ಳಲು ದಾರಿಖರ್ಚು ಕಳಿಸಿದನಂತೆ. ಹಾಫಿಜ್ ಹೊರಮುಜ್ ಬಂದರಿನವರೆಗೆ ಬಂದು ಹಡಗನ್ನೂ ಹತ್ತಿದನಂತೆ. ಅಷ್ಟರಲ್ಲಿ ಬಿರುಗಾಳಿ ಎದ್ದಿತು, ಕವಿ ಹೆದರಿ ಇಳಿದುಬಿಟ್ಟ. ಅಮಲನ್ನು, ಸಾಕಿಯನ್ನು, ಮಧುಪಾತ್ರೆಯನ್ನು ಹಾಡಿದ ಕವಿ ಕರ್ನಾಟಕಕ್ಕೆ ಬರಲಿಲ್ಲ. ಅವನ ಭಾಷೆ ಬಂದಿತು.

ಕಚೇರಿಯ ಮಾತುಗಳು ಮೊದಲು ಹೊಲಗದ್ದೆಗಳಿಗೆ ಇಳಿದವು. ಜಮೀನು, ಅರ್ಜಿ, ತಾಲ್ಲೂಕು, ಜಿಲ್ಲೆ, ವಕೀಲ, ಕಾಗದ ಎಲ್ಲವೂ ಪಾರಸಿಯ ಮೂಲಕ ಬಂದವು. ರೈತನೂ ಹಾಗೇ ಬಂದ, ಅರಬ್ಬಿಯ ರಯ್ಯತ್ ಅವನ ಮೂಲ. ಜೊತೆಗೆ ಮನಸ್ಸಿನ ಮಾತುಗಳೂ ಬಂದವು: ಖುಷಿ, ಜೋರು, ಮಜಾ. ಮಜಾ ಎಂದರೆ ಮೂಲದಲ್ಲಿ ರುಚಿ. ಶಹಬ್ಬಾಸ್ ಎಂದರೆ 'ಶಾದ್ ಬಾಶ್', ಸುಖವಾಗಿರು ಎಂಬ ಹರಕೆ. ಮೊಮ್ಮಗನ ಬೆನ್ನು ತಟ್ಟುವ ಅಜ್ಜಿ ತಿಳಿಯದೆಯೇ ಪಾರಸಿಯಲ್ಲಿ ಹರಸುತ್ತಾಳೆ.

ಕನ್ನಡ ಹೀಗೆ ಬಂದವುಗಳನ್ನು ತನ್ನ ಬಾಯಿಗೆ ಹೊಂದಿಸಿಕೊಳ್ಳುವ ಬಗೆ ನೋಡಬೇಕು. ಕೊನೆಯಲ್ಲಿ ವ್ಯಂಜನ ನಿಂತರೆ ಕನ್ನಡಕ್ಕೆ ಸಮಾಧಾನವಿಲ್ಲ, ಒಂದು 'ಉ' ಹಚ್ಚುತ್ತದೆ. ಬಜಾರ್ ಬಜಾರು ಆಯಿತು, ಜೋರ್ ಜೋರು ಆಯಿತು, ಮಸ್ತ್ ಕೂಡ ಕೆಲವೆಡೆ ಮಸ್ತು. 'ಆಗಿ' ಸೇರಿಸಿದರೆ ಮಸ್ತಾಗಿ ಹಾಡಿದಳು. ಕಲಬುರಗಿಯವರು ಮಸ್ತ್ ಅದ ಎನ್ನುತ್ತಾರೆ, ಧಾರವಾಡದವರು ಮಸ್ತ್ ಐತಿ. ನಮ್ಮ ವಿಭಕ್ತಿ, ನಮ್ಮ ಕ್ರಿಯಾಪದ ಹೊತ್ತ ಮೇಲೆ ಆ ಪದ ಹೊರಗಿನದಾಗಿ ಉಳಿಯುವುದಾದರೂ ಹೇಗೆ?

ಒಂದು ಗೊಂದಲ ಇಲ್ಲೇ ತೀರಲಿ. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿಗೂ, ಆ ಊರಿನ ಹೆಸರನ್ನು ಹೊತ್ತ ನಮ್ಮ ಸಣ್ಣಕತೆಗಳ ಹಿರಿಯರಿಗೂ ಈ ಮಸ್ತಿಗೂ ಯಾವ ಸಂಬಂಧವೂ ಇಲ್ಲ. ಅದು ಮಹಾಸತಿಯಿಂದ ಬಂದ ಮಾಸ್ತಿ. ಮಾಸ್ತಿಕಲ್ಲು ಎನ್ನುವಲ್ಲಿ ಇರುವುದೂ ಅದೇ.

ಬೈಗುಳ ಹೊಗಳಿಕೆಯಾದದ್ದು

ಕುಡುಕ ಎಂಬ ಮಾತು ಮೆಚ್ಚುಗೆಯಾದದ್ದು ಹೇಗೆ? ಒಂದು ಸೇತುವೆ ಕಟ್ಟಿದವರು ಸೂಫಿಗಳು. ಅವರ ಕಾವ್ಯದಲ್ಲಿ ಹೆಂಡ ಎಂದರೆ ದೈವಪ್ರೇಮ, ಮಸ್ತ್ ಎಂದರೆ ಆ ಪ್ರೇಮದಲ್ಲಿ ಮೈಮರೆತವನು. ಲೋಕದ ಗೊಡವೆ ಬಿಟ್ಟು ಅಲೆಯುವ ಫಕೀರ ಮಸ್ತ್ ಕಲಂದರ್. ಸಿಂಧ್‌ನ ಸೆಹ್ವಾನಿನಲ್ಲಿ 1274ರಲ್ಲಿ ತೀರಿಕೊಂಡ ಲಾಲ್ ಶಹಬಾಜ್ ಕಲಂದರ್ ಹೆಸರಿನ ಕವ್ವಾಲಿಯನ್ನು ದಕ್ಷಿಣ ಏಷ್ಯಾದಲ್ಲಿ ಕೇಳದವರು ಕಡಿಮೆ. ಅಲ್ಲಿ ಮಸ್ತ್ ಆಗುವುದು ನಾಚಿಕೆಯಲ್ಲ, ಭಾಗ್ಯ. ಕುಡಿದವನು ಎಂಬುದರಿಂದ ಮೈಮರೆತವನು, ಅಲ್ಲಿಂದ ಚಿಂತೆಯಿಲ್ಲದವನು, ಅಲ್ಲಿಂದ ಆನಂದ ಕೊಡುವಂಥದು ಎಂದು ಅರ್ಥ ಸರಿಯಿತು.

ಇನ್ನೊಂದು ಕಾರಣ ನಮ್ಮೆಲ್ಲರ ಬಾಯಲ್ಲೇ ಇದೆ. ಹೊಗಳುವ ಮಾತು ಬಳಸಿದಷ್ಟೂ ಸವೆಯುತ್ತದೆ. "ಚೆನ್ನಾಗಿದೆ" ಎಂದರೆ ಇಂದು ಸುಮಾರಾಗಿದೆ ಎಂದಷ್ಟೇ ಕೇಳಿಸುತ್ತದೆ. ಮದುವೆಮನೆಯ ಅಡುಗೆಯವರಿಗೆ ಬರೀ "ಚೆನ್ನಾಗಿತ್ತು" ಅಂದುಬಿಟ್ಟರೆ ಅವರ ಮುಖ ಸಪ್ಪಗಾದೀತು. ಆಗ ನಾಲಿಗೆ ಹೆಚ್ಚು ಬಲವಿರುವ ಪದಕ್ಕಾಗಿ ಹುಡುಕುತ್ತದೆ, ಬಲ ಸಿಗುವುದು ಅಮಲು, ಭಯ, ಬಲಾತ್ಕಾರ, ಗಡಸುತನಗಳ ಪದಗಳಲ್ಲಿ.

ಬೆಂಗಳೂರು, ಮೈಸೂರು ಕಡೆಯ ಸಖತ್ ನೋಡಿ. ಪಾರಸಿಯ 'ಸಖ್ತ್' ಎಂದರೆ ಗಟ್ಟಿ, ಕಠಿಣ, ನಿಷ್ಠುರ. ಮರಾಠಿಯಲ್ಲಿ ಅದು ಇನ್ನೂ ಗಡಸಾಗಿಯೇ ಉಳಿದಿದೆ: ಸಕ್ತಮಜುರಿ ಎಂದರೆ ಕಠಿಣ ಶಿಕ್ಷೆ, ಸಕ್ತಿ ಎಂದರೆ ಬಲವಂತ. ಅದೇ ಪದ ಬೆಂಗಳೂರಿನ ಬಾಯಲ್ಲಿ ಮಸಾಲೆ ದೋಸೆಗೂ ಮೊದಲ ದಿನದ ಸಿನಿಮಾಕ್ಕೂ ಪ್ರಶಸ್ತಿ ಕೊಡುತ್ತದೆ. 'ಖ' ಬರೆದದ್ದನ್ನು ಕಂಡು ಸಖ, ಸಖಿಯರ ಜೊತೆ ಅದನ್ನು ಜೋಡಿಸುವವರಿದ್ದಾರೆ, ಆ ಜೋಡಣೆಗೆ ಆಧಾರವಿಲ್ಲ.

ಜಬರ್ದಸ್ತ್ ಕೂಡ ಹೀಗೇ. 'ಜಬರ್' ಎಂದರೆ ಮೇಲೆ, 'ದಸ್ತ್' ಎಂದರೆ ಕೈ, ನಮ್ಮ ಹಸ್ತದ ಇರಾನಿ ರೂಪ. ಮೇಲುಗೈಯವನು, ಆಮೇಲೆ ದಬ್ಬಾಳಿಕೆ, ಈಗ ಜಬರ್ದಸ್ತ್ ಪ್ರದರ್ಶನ. ಖತರ್ನಾಕ್ ಎಂದರೆ ಅಪಾಯಕಾರಿ, ಇಂದು ಬೌಲರನ ಯಾರ್ಕರಿಗೂ ಹೇಳುತ್ತೇವೆ. ಈ ಗುಂಪಿನಲ್ಲಿ ಕೇಡಿನ ಅರ್ಥದಿಂದ ಬಾರದೆ ಚೆಂದದಿಂದಲೇ ಬಂದದ್ದು ಭರ್ಜರಿ. ಮರಾಠಿಯ ಭರಜರೀ ಎಂದರೆ ಮೈತುಂಬ ಜರಿ ಇರುವ ಬಟ್ಟೆ, ಜರಿಯ 'ಜರ್' ಪಾರಸಿಯಲ್ಲಿ ಬಂಗಾರ.

ಇದೆಲ್ಲ ಪರಭಾಷೆಯ ಚಾಳಿ ಎನ್ನುವವರು ಕನ್ನಡದ 'ಕಡು'ವನ್ನು ಗಮನಿಸಲಿ. ಕಡು ಎಂದರೂ ಗಡಸು, ತೀವ್ರ. ಅದೇ ಕಡುಬಡವ, ಕಡುಗೆಂಪು, ಕಡುನೀಲಿಗಳಲ್ಲಿ 'ಬಹಳ' ಎಂಬ ಅರ್ಥ ಕೊಡುತ್ತದೆ. ಗಟ್ಟಿ ಎಂಬುದು ಬಹಳ ಎಂಬುದಾಗುವ ಹಾದಿಯಲ್ಲಿ ಸಖತ್‌ಗಿಂತ ಎಷ್ಟೋ ಶತಮಾನ ಮೊದಲೇ ಕನ್ನಡ ನಡೆದಿದೆ. ಹಳಗನ್ನಡ ಕವಿಗಳ ನಾಲಿಗೆ ಮಾಡಿದ ಕೆಲಸವನ್ನೇ ಇಂದಿನ ಕಾಲೇಜು ಹುಡುಗನ ನಾಲಿಗೆಯೂ ಮಾಡುತ್ತಿದೆ.

ಕರಾವಳಿಯಲ್ಲಿ ಅದು ಲೆಕ್ಕ

ತುಳುವಿನ ಮಸ್ತ್‌ಗೆ ಬಂದರೆ ದಾರಿ ಮತ್ತೆ ಕವಲೊಡೆಯುತ್ತದೆ. "ಮಸ್ತ್ ಬೇಲೆ ಉಂಡು" ಎಂದರೆ ಬಹಳ ಕೆಲಸ ಇದೆ. ಅದು ಮೆಚ್ಚುಗೆಯಲ್ಲ, ಸುಸ್ತು. "ಮಸ್ತ್ ಸೊಲ್ಮೆಲು" ಎಂದರೆ ಅನೇಕ ವಂದನೆಗಳು. ಸಭೆ ಸಮಾರಂಭಗಳಲ್ಲಿ, ಹಿರಿಯರ ಎದುರು, ಪೂರ್ಣ ಗೌರವದಿಂದ ಹೇಳುವ ಮಾತು ಇದು. ಗೌಡ ಸಾರಸ್ವತರ ಕೊಂಕಣಿಯಲ್ಲೂ 'ಮಸ್ತ' ಎಂದರೆ ಬಹಳ ಎಂದೇ.

ಹುಬ್ಬಳ್ಳಿಯ ಮೇಷ್ಟ್ರು ಬೀದಿಮಾತೆಂದು ಕೆಂಪು ಗೆರೆ ಎಳೆಯುವ ಪದ ಮಂಗಳೂರಿನ ವೇದಿಕೆಯ ಮೇಲೆ ಶಿಷ್ಟ. ಒಂದು ಪದ ಹಗುರವೋ ಘನವೋ ಎಂಬುದು ಪದದಲ್ಲಿ ಇರುವುದಿಲ್ಲ, ಕೇಳುವ ಊರಿನಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಅಮಲು ಲೆಕ್ಕವಾದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಅಮಲೇರಿದವನು ತುಂಬಿ ತುಳುಕುತ್ತಾನೆ. ತುಳುಕುವುದು ಸಮೃದ್ಧಿ, ಸಮೃದ್ಧಿ ಎಂದರೆ ಬಹಳ. ನಮ್ಮ 'ತುಂಬಾ' ಕೂಡ ಕೊಡ ತುಂಬುವ ತುಂಬುವಿಕೆಯಿಂದಲೇ ಬಂದು ಬಹಳ ಎಂಬ ಅರ್ಥ ಪಡೆದಿದೆ.

ಮಂಗಳೂರಿನವರು ಹುಬ್ಬಳ್ಳಿಗೆ ಕೆಲಸಕ್ಕೆ ಹೋದಾಗ ಈ ಎರಡು ಅರ್ಥಗಳು ಮುಖಾಮುಖಿಯಾಗುತ್ತವೆ. "ಮಸ್ತ್ ಮಂದಿ" ಎಂದು ಹುಬ್ಬಳ್ಳಿಯವರು ಹೇಳಿದರೆ ಒಳ್ಳೆಯವರು ಎಂದು ಅರ್ಥ, ಕೇಳಿದವರಿಗೆ ಅದು ಹೆಚ್ಚು ಜನ ಎಂದು ಕೇಳಿಸಬಹುದು. ಒಂದೇ ರಾಜ್ಯದ ಎರಡು ಊರಿನವರ ನಡುವೆ ಇಂಥ ಅಂತರ ಇರುವುದು ಕನ್ನಡನಾಡಿಗೆ ಹೊಸ ಸಂಗತಿಯಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಕನ್ನಡದ ಪ್ರಾದೇಶಿಕ ಭೇದಗಳನ್ನು ಹೇಳಿ ಮುಗಿಸಲು ಸಾವಿರ ನಾಲಿಗೆಯ ವಾಸುಕಿಗೂ ಆಗದು ಎಂಬ ಮಾತನ್ನಾಡಿದೆ.

ಮುಂಬಯಿ ಮತ್ತು ಬೆಳ್ಳಿತೆರೆ

ಪದ ಹಳೆಯದಾದರೂ ಚೆನ್ನಾಗಿದೆ ಎಂಬ ಇಂದಿನ ಅರ್ಥಕ್ಕೆ ಇಷ್ಟು ಬಳಕೆ ಬರಲು ಮುಂಬಯಿಯ ಪಾಲು ದೊಡ್ಡದು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಕರಾವಳಿಯವರು ಹೋಟೆಲು, ಬ್ಯಾಂಕು, ಗಿರಣಿ ಎಂದು ತಲೆಮಾರುಗಳಿಂದ ಅಲ್ಲಿಗೆ ಹೋಗಿ ಬರುತ್ತಿದ್ದಾರೆ. ಮುಂಬಯಿಯ ಮರಾಠಿಯಲ್ಲೂ ಹಿಂದಿಯಲ್ಲೂ ಮಸ್ತ್ ನಾಲಿಗೆ ತುದಿಯ ಮಾತು.

1994ರ 'ಮೊಹ್ರಾ' ಚಿತ್ರದ ಒಂದು ಹಾಡು ಆ ಪದವನ್ನು ದೇಶದ ಮೂಲೆಮೂಲೆಗೂ ಒಯ್ದಿತು. ಅದರ ಹಿಂದೆ ಇದ್ದದ್ದು ನುಸ್ರತ್ ಫತೇ ಅಲಿ ಖಾನ್ ಹಾಡಿದ ಕಲಂದರಿ ಕವ್ವಾಲಿ. ದರ್ಗಾದ ಮಸ್ತ್ ಹೀಗೆ ಸಿನಿಮಾ ಪರದೆ ಸೇರಿತು. 1999ರಲ್ಲಿ ರಾಮಗೋಪಾಲ್ ವರ್ಮಾ ಅದನ್ನೇ ಚಿತ್ರದ ಹೆಸರು ಮಾಡಿದರು. ಕನ್ನಡದಲ್ಲಿ 2008ರಲ್ಲಿ 'ಮಸ್ತ್ ಮಜಾ ಮಾಡಿ' ಬಂದಿತು. ಆ ಮೂರು ಪದಗಳ ಹೆಸರಿನಲ್ಲಿ ಮೊದಲೆರಡು ಪಾರಸಿ, ಕೊನೆಯದು ಮಾತ್ರ ಕನ್ನಡ. ಆದರೂ ಒಟ್ಟು ಹೆಸರು ಕನ್ನಡವೇ, ಕೇಳಿದ ಯಾವ ಕನ್ನಡಿಗನೂ ಅರ್ಥ ಕೇಳಲಿಲ್ಲ.

ನಿಘಂಟಿನ ಹೊಸ್ತಿಲಲ್ಲಿ

ಶಾಲೆಯ ಪ್ರಬಂಧದಲ್ಲಿ ಮಸ್ತ್ ಬರೆದರೆ ಮೇಷ್ಟ್ರು ಹೊಡೆದುಹಾಕುತ್ತಾರೆ. ಅದು ತಪ್ಪಲ್ಲ. ಯಾವ ಮಾತನ್ನು ಎಲ್ಲಿ ಆಡಬೇಕು ಎಂಬುದನ್ನು ಕಲಿಸುವುದು ಶಾಲೆಯ ಕೆಲಸ. ಆದರೆ ಪ್ರಬಂಧದಿಂದ ತೆಗೆದಂತೆ ದಾಖಲೆಯಿಂದಲೂ ತೆಗೆದರೆ ನಷ್ಟ ನಮ್ಮದು.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ಶಾಸನ ಮತ್ತು ಸಾಹಿತ್ಯ ಕೃತಿಗಳ ಪ್ರಯೋಗಗಳನ್ನು ಆಧರಿಸಿದ ಮಹತ್ಕಾರ್ಯ ಅದು. ಬರಹವನ್ನು ಆಧರಿಸಿದ ಕೋಶದಲ್ಲಿ ಬಾಯಿಮಾತಿಗೆ ಸಿಗುವ ಜಾಗ ಸ್ವಾಭಾವಿಕವಾಗಿಯೇ ಕಡಿಮೆ. ಉಡುಪಿಯಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಬೇರೆ ದಾರಿ ಹಿಡಿಯಿತು. ಯು.ಪಿ. ಉಪಾಧ್ಯಾಯರ ನೇತೃತ್ವದ ತಂಡ ಊರೂರು ತಿರುಗಿ, ಬೇರೆ ಬೇರೆ ಸಮುದಾಯಗಳ ಜನರ ಬಾಯಿಂದ ಪದಗಳನ್ನು ಕೇಳಿ ಬರೆದುಕೊಂಡಿತು. ಕನ್ನಡದ ಬೀದಿಮಾತುಗಳಿಗೂ ಅಂಥದೇ ಒಂದು ಕೋಶ ಬೇಕು: ಯಾವ ಊರು, ಯಾವ ವಯಸ್ಸಿನವರು, ಯಾವ ಸಂದರ್ಭ ಎಂಬ ವಿವರಗಳ ಸಮೇತ.

ಬೀದಿಮಾತಿನ ಅರ್ಥ ಒಂದು ತಲೆಮಾರಿನೊಳಗೆ ಬದಲಾಗುತ್ತದೆ. ಮಸ್ತಿ ಎಂಬುದನ್ನು ದರ್ಪ ಎಂಬ ಅರ್ಥದಲ್ಲಿ ಆಡುವ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಭಾನುವಾರ ಅವರ ಪಕ್ಕ ಕೂತು ಮಸ್ತ್, ಮಸ್ತಿ, ಸೊಕ್ಕು ಎಂಬ ಮೂರು ಪದಗಳನ್ನು ಅವರು ಹೇಗೆ ಆಡುತ್ತಿದ್ದರು ಎಂದು ಕೇಳಿ. ಹೇಳಿದ್ದನ್ನು ಅವರದೇ ಮಾತಿನಲ್ಲಿ, ಊರಿನ ಹೆಸರು, ತಾರೀಖು ಹಾಕಿ ಬರೆದಿಡಿ.